ಮೇಷ್ಟ್ರ ಬೆತ್ತದಿಂದಲೇ ಮಕ್ಕಳು ಬುದ್ಧಿವಂತರಾಗುತ್ತಾರೆಯೇ? ವೈರಲ್ ಸಂದೇಶದ ಹಿಂದಿನ ಸತ್ಯವೇನು?

ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ಸಂದೇಶ ಆಗಾಗ ಹರಿದಾಡುತ್ತಿರುತ್ತದೆ. ನಮ್ಮ ಕಾಲದಲ್ಲಿ ಮೇಷ್ಟ್ರು ಬೆತ್ತದಲ್ಲಿ ಬಾರಿಸುತ್ತಿದ್ದರು, ಮನೆಗೆ ಬಂದು ಹೇಳಿದರೆ ಅಪ್ಪನಿಂದ ಇನ್ನೆರಡು ಬೀಳುತ್ತಿದ್ದವು, ಅದಕ್ಕೇ ನಾವು ಉದ್ಧಾರವಾದೆವು. ಈಗ ಕಾನೂನು ಶಿಕ್ಷಕರ ಕೈ ಕಟ್ಟಿಹಾಕಿದೆ, ಮಕ್ಕಳು ಹಾಳಾಗುತ್ತಿದ್ದಾರೆ. ಇದು ಅದರ ಸಾರಾಂಶ. ಕಿವಿ ಹಿಡಿದು ಬಸ್ಕಿ ಹೊಡೆಸುವುದರ ಹಿಂದೆ ಮಿದುಳು ಚುರುಕಾಗಿಸುವ ವಿಜ್ಞಾನವಿತ್ತು ಎಂಬ ಸಂದೇಶವೂ ಇದೆ. ಇದರಲ್ಲಿ ಎಷ್ಟು ನಿಜ, ನೋಡೋಣ.

ಮೊದಲಿಗೆ ‘ಏಟು ತಿಂದೂ ನಾವು ಚೆನ್ನಾಗಿಯೇ ಇದ್ದೇವಲ್ಲ’ ಎಂಬ ವಾದ. ಇದನ್ನು ಹೇಳುತ್ತಿರುವವರು ಯಾರು? ಬಹುತೇಕ ಶಾಲೆ ಮುಗಿಸಿದವರು. ಲೆಕ್ಕದ ಪೀರಿಯಡ್‌ಗೆ ಹೆದರಿ ಆರನೇ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜಿಗೋ ದನ ಮೇಯಿಸಲೋ ಹೋದ ಹುಡುಗ ಹತ್ತನೇ ತರಗತಿಯ ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಇರುವುದಿಲ್ಲ. ಅವನ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದೂ ಇಲ್ಲ. ಗೆದ್ದವರನ್ನಷ್ಟೇ ಎಣಿಸಿದರೆ ಬೆತ್ತವೇ ಗೆಲ್ಲಿಸಿತು ಎಂದು ಕಾಣುವುದು ಸಹಜ.

ಎಣಿಕೆ ಸರಿಯಾಗಿ ಮಾಡಿದವರೂ ಇದ್ದಾರೆ. ಅಮೆರಿಕದ ಸಂಶೋಧಕರಾದ ಎಲಿಜಬೆತ್ ಗೆರ್ಷಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅವುಗಳಲ್ಲಿ ಇದ್ದ ಮಕ್ಕಳ ಸಂಖ್ಯೆ 1,60,000ಕ್ಕೂ ಹೆಚ್ಚು. ಇದು ಮನೆಯಲ್ಲಿ ಪೋಷಕರು ಹೊಡೆಯುವುದರ ಕುರಿತ ಪರಿಶೀಲನೆ ಎಂಬುದು ನೆನಪಿರಲಿ. ಏಟು ತಿಂದ ಮಕ್ಕಳಲ್ಲಿ ಸಿಟ್ಟು, ಹಟ, ಮಾನಸಿಕ ತೊಂದರೆಗಳು ಹೆಚ್ಚಿದ್ದವು. ಕಲಿಕೆ, ಗ್ರಹಿಕೆಯ ಸಾಮರ್ಥ್ಯ ಕಡಿಮೆ ಇತ್ತು. ಏಟೇ ಕಾರಣ ಎಂದು ಇಂಥ ಪರಿಶೀಲನೆಯೊಂದರಿಂದಲೇ ತೀರ್ಮಾನಿಸಲಾಗದು. ಆದರೆ ಏಟು ಒಳ್ಳೆಯದು ಮಾಡುತ್ತದೆ ಎನ್ನಲು ಅದರಲ್ಲಿ ಏನೂ ಸಿಗುವುದಿಲ್ಲ.

ಹಾಗಾದರೆ ಬೆತ್ತ ಎತ್ತಿದೊಡನೆ ತರಗತಿ ಸುಮ್ಮನಾಗುವುದೇಕೆ? ಹೆದರಿಕೆಯಿಂದ. ಹೆದರಿದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ, ಎದೆ ಹೊಡೆದುಕೊಳ್ಳುತ್ತದೆ, ಗಮನವೆಲ್ಲ ಅಪಾಯದ ಕಡೆ ಹೋಗುತ್ತದೆ. ಮಗ್ಗಿ ಹೇಳಲು, ಭಾಗಾಕಾರದ ಶೇಷ ನೆನಪಿಟ್ಟುಕೊಳ್ಳಲು ಬೇಕಾದ ಮಿದುಳಿನ ಮುಂಭಾಗದ ಕೆಲಸ ಆಗ ಕುಂಠಿತವಾಗುತ್ತದೆ. ಮನೆಯಲ್ಲಿ ಸರಾಗವಾಗಿ ಒಪ್ಪಿಸಿದ ಪಾಠ ಮೇಷ್ಟ್ರ ಎದುರು ಗಂಟಲಲ್ಲೇ ನಿಲ್ಲುವುದು ಹೀಗೆ. ತರಗತಿ ಮೌನವಾಗಿದೆ ಎಂದರೆ ಕಲಿಯುತ್ತಿದೆ ಎಂದಲ್ಲ.

ಇನ್ನು ಬಸ್ಕಿ. ಅದು ವ್ಯಾಯಾಮ ಹೌದು. ಕಿವಿ ಹಿಡಿದುಕೊಂಡ ಮಾತ್ರಕ್ಕೆ ಬುದ್ಧಿ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಅದಕ್ಕಿಂತ ಮುಖ್ಯವಾದದ್ದನ್ನು ಈ ಸಂದೇಶಗಳು ಹೇಳುವುದೇ ಇಲ್ಲ: ಅಭ್ಯಾಸವಿಲ್ಲದ ಮಗುವಿಗೆ ನೂರಾರು ಬಸ್ಕಿ ಹೊಡೆಸಿದರೆ ತೊಡೆಯ ಸ್ನಾಯುಗಳು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಶಿಕ್ಷೆಯ ನಂತರ ಮಗುವಿನ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಕೆನ್ನೆಗೆ ಬಾರಿಸುವಾಗ ಏಟು ಕಿವಿಗೆ ತಗುಲಿದರೆ ತಮಟೆ ಹರಿಯುವುದೂ ಉಂಟು.

ಕಾನೂನಿನ ಮಾತಿಗೆ ಬಂದರೆ, ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಇದು ಖಾಸಗಿ ಶಾಲೆಗಳಿಗೂ ಅನ್ವಯ. ಈ ಕಾಯ್ದೆ ಸುಮ್ಮನೆ ಬಂದದ್ದಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮೂವರು ಮಕ್ಕಳಲ್ಲಿ ಇಬ್ಬರು ತಮಗೆ ಶಾಲೆಯಲ್ಲಿ ದೈಹಿಕ ಶಿಕ್ಷೆಯಾಗಿದೆ ಎಂದಿದ್ದರು. ಅಂದಹಾಗೆ, ನಿಷೇಧವಾಗಿರುವುದು ಹೊಡೆತ ಮತ್ತು ಅವಮಾನ. ಶಿಸ್ತಲ್ಲ.

ಶಿಕ್ಷಕರ ದೂರಿನಲ್ಲಿ ಹುರುಳಿಲ್ಲ ಎಂದು ನಾವು ಹೇಳುತ್ತಿಲ್ಲ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎನ್ನುತ್ತದೆ ಅದೇ ಕಾಯ್ದೆ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ, ಗಣತಿ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ನಿಭಾಯಿಸುವವರಿಗೆ ತಾಳ್ಮೆಯ ಪಾಠ ಹೇಳುವುದು ಸುಲಭ. ಆದರೂ ಅನುಭವಸ್ಥ ಶಿಕ್ಷಕರು ಬೆತ್ತವಿಲ್ಲದೆ ಮಾಡುವುದನ್ನು ಗಮನಿಸಿ. ತರಗತಿಯ ನಿಯಮಗಳನ್ನು ಮಕ್ಕಳ ಜೊತೆ ಕೂತೇ ಮಾಡುತ್ತಾರೆ, ತಪ್ಪು ಮಾಡಿದವನನ್ನು ಎಲ್ಲರೆದುರು ನಿಲ್ಲಿಸದೆ ಪಕ್ಕಕ್ಕೆ ಕರೆದು ಕೇಳುತ್ತಾರೆ. ಬೋರ್ಡಿನಲ್ಲಿರುವುದನ್ನು ಬರೆದುಕೊಳ್ಳದ ಹುಡುಗಿಗೆ ಸೋಮಾರಿತನವಲ್ಲ, ಕಣ್ಣಿನ ದೋಷ ಎಂದು ಗೊತ್ತಾಗುವುದು ಹೀಗೆ ಕೇಳಿದಾಗಲೇ. ಬೆಳಗ್ಗೆ ತಿಂಡಿ ತಿನ್ನದೆ ಬಂದವನ ತೂಕಡಿಕೆಯೂ ಅಷ್ಟೆ.

ಹೆದರಿಕೆಯ ದೊಡ್ಡ ಅಪಾಯ ಬೇರೆಯೇ ಇದೆ. ಹೋಂವರ್ಕ್ ಮಾಡಿಲ್ಲ ಎಂದು ಹೇಳಲೂ ನಡುಗುವ ಮಗು, ಶಾಲಾ ವ್ಯಾನಿನಲ್ಲಿ ಯಾರೋ ಮೈ ಮುಟ್ಟಿದರು ಎಂದು ಯಾರ ಬಳಿ ಹೇಳೀತು? ಹೊಡೆತಕ್ಕೆ ಒಗ್ಗಿಹೋದ ಮಗು ದೊಡ್ಡವರು ಏನು ಮಾಡಿದರೂ ಸಹಿಸಬೇಕು ಎಂದುಕೊಳ್ಳುವ ಸಾಧ್ಯತೆ ಹೆಚ್ಚು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಶಾಲೆಯ ಹೆಸರು ಕೆಡುತ್ತದೆ ಎಂಬ ಸಬೂಬು ನಡೆಯುವುದಿಲ್ಲ.

ಕೊನೆಯದಾಗಿ, ಫೋನ್ ಕೈಯಲ್ಲಿರುವ ನಮಗೆಲ್ಲ ಸಂಬಂಧಿಸಿದ ಸಂಗತಿ. ಮಗುವಿಗೆ ಶಿಕ್ಷಕರು ಹೊಡೆಯುವ ವಿಡಿಯೊ ಬಂದೊಡನೆ ‘ಆರೋಪಿಗೆ ಶಿಕ್ಷೆಯಾಗುವವರೆಗೂ ಶೇರ್ ಮಾಡಿ’ ಎಂದು ಕಳಿಸುತ್ತೇವೆ. ಉದ್ದೇಶ ಒಳ್ಳೆಯದೇ. ಆದರೆ ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರು, ಮುಖ, ಶಾಲೆ ಗೊತ್ತಾಗುವಂತೆ ಪ್ರಚಾರ ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ: ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಮಗು ನಾಳೆ ಅದೇ ಊರಿನ ಬೀದಿಯಲ್ಲಿ ನಡೆಯಬೇಕು. ವಿಡಿಯೊವನ್ನು ಗ್ರೂಪಿಗೆ ಹಾಕದೆ, ಅಳಿಸದೆ ಇಟ್ಟುಕೊಂಡು ಪೊಲೀಸರಿಗೆ, ಬಿಇಒ ಕಚೇರಿಗೆ ಅಥವಾ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಕೊಡಿ. ಮಕ್ಕಳ ಸಹಾಯವಾಣಿ 1098ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಮಗುವೇ ಕರೆ ಮಾಡಬಹುದು, ಹಾಗಾಗಿ ಆ ಸಂಖ್ಯೆಯನ್ನು ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಿ.