ಅನ್ಯನಕ್ಷತ್ರಗಳ ಗ್ರಹಗಳು: ದೃಢೀಕರಣದ ಒಂದು ಪ್ರಸಂಗ

ದೂರದ ನಕ್ಷತ್ರಗಳಿಗೂ ಗ್ರಹಗಳುಂಟೆಂದು ಸಾಧಿಸುವ ಯತ್ನದಲ್ಲಿ ನೆರೆಯ ಮದರಾಸಿನ ವೇಧಶಾಲೆಗೂ ಪಾತ್ರವುಂಟು. 1855ರಲ್ಲಿ ಅದರ ನಿರ್ದೇಶಕರಾಗಿದ್ದ ಕ್ಯಾಪ್ಟನ್ ಜೇಕಬ್ ಅವರು, ಉರಗಧರ ಪುಂಜದ ಒಂದು ಜೋಡಿನಕ್ಷತ್ರದ ಕಕ್ಷೆಯಲ್ಲಿ ಕಂಡ ವ್ಯತ್ಯಾಸಕ್ಕೆ ಅಗೋಚರ ಗ್ರಹವೊಂದು ಕಾರಣವಾಗಿರಬಹುದೆಂದು ಬರೆದರು. ಆ ಗ್ರಹ ಇಂದಿಗೂ ದೃಢಪಟ್ಟಿಲ್ಲ. ಇಂಥಲ್ಲಿ ಗ್ರಹವು ಕಾಣದು. ಕಾಣುವುದು ನಕ್ಷತ್ರದ ಅಲ್ಪ ಓಲಾಟ ಮಾತ್ರ. ಅದು ನಕ್ಷತ್ರದ್ದೋ, ಅಳೆಯುವವರ ಲೆಕ್ಕದ್ದೋ ಎಂಬುದೇ ಪ್ರಶ್ನೆ.

1991ರಲ್ಲಿ ಬ್ರಿಟನ್ನಿನ ಆಂಡ್ರೂ ಲೈನ್ ಮತ್ತು ಸಂಗಡಿಗರು, ಕ್ರಮಬದ್ಧವಾಗಿ ರೇಡಿಯೋ ಮಿಡಿತಗಳನ್ನು ಬೀರುವ ಒಂದು ಪಲ್ಸಾರನ್ನು ಗ್ರಹವೊಂದು ಆರು ತಿಂಗಳಿಗೊಮ್ಮೆ ಸುತ್ತುವುದೆಂದು ಸಾರಿದರು. ಆರು ತಿಂಗಳೆಂದರೆ ನಮ್ಮ ಭೂಮಿಯ ವರ್ಷದ ಅರ್ಧವೆಂಬುದನ್ನು ವಾಚಕರು ಗಮನಿಸಬೇಕು. ಪಲ್ಸಾರಿನ ಸ್ಥಾನವನ್ನು ತುಸು ತಪ್ಪಾಗಿ ಹಿಡಿದು, ಭೂಕಕ್ಷೆಯು ಪೂರ್ಣವೃತ್ತವಲ್ಲವೆಂಬುದನ್ನು ಲೆಕ್ಕದಲ್ಲಿ ಕಡೆಗಣಿಸಿದ್ದರಿಂದ, ಭೂಮಿಯ ಚಲನೆಯೇ ಅಲ್ಲಿಯ ಗ್ರಹವಾಗಿ ತೋರಿತ್ತು. 1992ರ ಜನವರಿಯಲ್ಲಿ ಅಟ್ಲಾಂಟಾದ ಸಭೆಯಲ್ಲಿ ಲೈನ್ ಅವರೇ ಇದನ್ನು ಒಪ್ಪಿಕೊಂಡರು. ಸಭಿಕರು ಕರತಾಡನ ಮಾಡಿದರು.

ಅದೇ ಸಭೆಯಲ್ಲಿ ವೊಲ್ಶ್ಚಾನ್ ಅವರು ಇನ್ನೊಂದು ಪಲ್ಸಾರಿನ ಎರಡು ಗ್ರಹಗಳನ್ನು ಕುರಿತು ಮಾತನಾಡಿದರು. ಅವುಗಳ ಅವಧಿ ಸುಮಾರು 67 ಮತ್ತು 98 ದಿನ. ಪಲ್ಸಾರಿನ ಸ್ಥಾನವನ್ನು ಫ್ರೇಲ್ ಅವರು ಬೇರೊಂದು ದೂರದರ್ಶಕದಿಂದ ಅಳೆದಿದ್ದರು. ಸೂರ್ಯಸದೃಶ ನಕ್ಷತ್ರದ ಗ್ರಹ ಪ್ರಕಟವಾದ 1995ರಿಂದಲೇ ಈ ಇತಿಹಾಸವನ್ನು ಆರಂಭಿಸುವುದು ಹಲವರ ರೂಢಿ; ನಾವು ಅದನ್ನು ಒಪ್ಪಲಾರೆವು. ಪಲ್ಸಾರಿನ ಆ ಎರಡು ಗ್ರಹಗಳು ನಿಜವಾದರೆ ಒಂದನ್ನೊಂದು ಸೆಳೆದು ಮಿಡಿತಗಳ ಕಾಲವನ್ನು ಇನ್ನಷ್ಟು ಬದಲಿಸಬೇಕೆಂದು 1992ರಲ್ಲೇ ಇತರ ವಿದ್ವಾಂಸರು ಲೆಕ್ಕ ಹಾಕಿದ್ದರು. ಆ ಬದಲಾವಣೆಯನ್ನು ವೊಲ್ಶ್ಚಾನ್ 1994ರಲ್ಲಿ ಅಳೆದು ಪ್ರಕಟಿಸಿದರು.