ಮುಳುಗಿಸಿದ ಹಡಗು ಮೀನಿನ ನೆಲೆಯಾಗುವುದೇ? ಕೃತಕ ಬಂಡೆಸಾಲಿನ ಚರ್ಚೆ ನಡೆದುಬಂದ ದಾರಿ

ಕಡಲತಳದ ಬಹುಪಾಲು ಮರಳು ಮತ್ತು ಕೆಸರಿನ ಬಯಲಾಗಿರುವುದರಿಂದ, ಅಂಟಿಕೊಂಡು ಬೆಳೆಯುವ ಪಾಚಿ, ಪಚ್ಚಿಲೆ, ಹವಳಗಳಿಗೆ ಗಟ್ಟಿ ನೆಲೆ ಸಿಗುವುದು ಅಪರೂಪ. ಅಂಥ ನೆಲೆಯನ್ನು ಮನುಷ್ಯನೇ ಒದಗಿಸಿದರೆ ಮೊದಲು ಈ ಜೀವಿಗಳೂ, ಅವುಗಳ ಆಸರೆಗೆ ಮರಿಮೀನುಗಳೂ, ಮರಿಗಳನ್ನು ಅರಸಿ ದೊಡ್ಡ ಮೀನುಗಳೂ ಬರುತ್ತವೆಂಬ ಅನುಭವದಿಂದ ಹುಟ್ಟಿದ್ದೇ ಕೃತಕ ಬಂಡೆಸಾಲಿನ ಕಲ್ಪನೆ. ಜಪಾನಿನ ಮೀನುಗಾರರು ಹದಿನೆಂಟನೆಯ ಶತಮಾನದ ಕೊನೆಗೇ ಮರದ ಚೌಕಟ್ಟುಗಳನ್ನು ಕಡಲಿಗಿಳಿಸುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸ ಸರಕಾರಗಳ ಕೈಗೆ ಬಂದಾಗ ಕಲ್ಲು, ಮರಗಳ ಜಾಗಕ್ಕೆ ಬಳಸಿ ಬಿಟ್ಟ ವಸ್ತುಗಳು ಬಂದವು. ವಿವಾದದ ಬೀಜವಿರುವುದು ಈ ಪಲ್ಲಟದಲ್ಲಿಯೇ.

ಈ ಕ್ಷೇತ್ರದ ಮೂರು ಎಳೆಗಳು 1972ರಲ್ಲಿ ಒಟ್ಟಿಗೆ ಕಾಣಸಿಗುತ್ತವೆ. ಎರಡನೆಯ ಮಹಾಯುದ್ಧ ಕಾಲದ ಲಿಬರ್ಟಿ ಸರಕುಹಡಗುಗಳನ್ನು ಬಂಡೆಸಾಲಿಗಾಗಿ ರಾಜ್ಯಗಳಿಗೆ ಕೊಡಲು ಅಮೆರಿಕ ಆ ವರ್ಷ ಕಾನೂನು ಮಾಡಿತು. ಅದೇ ವರ್ಷ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಬಳಿ ಟಯರುಗಳನ್ನು ಕಡಲಿಗಿಳಿಸುವ ಕೆಲಸ ನಡೆಯಿತು. ಹೀಗೆ ಇಳಿಸಿದ ಸುಮಾರು 20 ಲಕ್ಷ ಟಯರುಗಳ ಕಟ್ಟು ಬಿಚ್ಚಿಹೋಗಿ, ಅವು ಅಲೆಗಳೊಡನೆ ಉರುಳುತ್ತ ನೈಸರ್ಗಿಕ ಹವಳಕ್ಕೇ ಬಡಿದುದರಿಂದ, ಮುಂದೆ ಅವುಗಳನ್ನು ಹೊರತೆಗೆಯಲು ಮುಳುಗುಗಾರರನ್ನು ಇಳಿಸಬೇಕಾಯಿತು. ಕಡಲಿಗೆ ಕಸ ಸುರಿಯುವುದನ್ನು ತಡೆಯುವ ಲಂಡನ್ ಒಡಂಬಡಿಕೆಯೂ ಅದೇ ವರ್ಷದ್ದು. ಕೇವಲ ವಿಲೇವಾರಿಯಲ್ಲದೆ ಬೇರೊಂದು ಉದ್ದೇಶಕ್ಕಾಗಿ ವಸ್ತುವನ್ನು ಕಡಲಿನಲ್ಲಿಡುವುದನ್ನು ಅದು ಕಸ ಸುರಿಯುವಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿತು. ಹಳೆಯ ಹಡಗನ್ನು ಮುಳುಗಿಸುವವರ ನಿಜವಾದ ಉದ್ದೇಶ ಯಾವುದು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಚರ್ಚೆಯ ನಡುವೆಯೇ ನಿಂತಿದೆ.

ಮೊದಲ ಆಕ್ಷೇಪ ವಿಷವಸ್ತುಗಳದ್ದು. ಹಳೆಯ ಹಡಗುಗಳಲ್ಲಿ ಕಲ್ನಾರು, ಸೀಸದ ಬಣ್ಣ, ಉಳಿದ ಎಣ್ಣೆಯ ಜೊತೆಗೆ, ತಂತಿಗಳ ಹೊದಿಕೆಯಲ್ಲಿ ಪಿಸಿಬಿ ಎಂಬ ರಾಸಾಯನಿಕಗಳಿರುತ್ತವೆ. ಇವು ಸುಲಭವಾಗಿ ಕರಗಿ ನಾಶವಾಗದೆ ಮೀನಿನ ಕೊಬ್ಬಿನಲ್ಲಿ ಶೇಖರವಾಗುತ್ತವೆ. ಅಮೆರಿಕದ ವಿಮಾನವಾಹಕ ಯುದ್ಧನೌಕೆ ಒರಿಸ್ಕನಿಯನ್ನು 2006ರ ಮೇ 17ರಂದು ಪೆನ್ಸಕೋಲಾ ಬಳಿ ಮುಳುಗಿಸಿದಾಗ ಪಿಸಿಬಿಯ ಒಂದಂಶ ಒಳಗೇ ಉಳಿದಿತ್ತು, ಮೊದಲ ವರ್ಷಗಳಲ್ಲಿ ಅಲ್ಲಿ ಹಿಡಿದ ಮೀನುಗಳಲ್ಲಿಯೂ ಅದು ಪತ್ತೆಯಾಯಿತು. ಆಸ್ಟ್ರೇಲಿಯದ ಅಡಿಲೇಡ್ ನೌಕೆಯ ಪ್ರಕರಣದಲ್ಲಿ ಸ್ಥಳೀಯರ ವಿರೋಧ ನ್ಯಾಯಮಂಡಳಿಯ ಮುಂದೆ ಹೋಗಿ, ಇನ್ನಷ್ಟು ಶುದ್ಧಿಕಾರ್ಯ ನಡೆದ ಮೇಲೆಯೇ 2011ರ ಏಪ್ರಿಲಿನಲ್ಲಿ ಅದು ಅವೋಕಾ ತೀರದಾಚೆ ಮುಳುಗಿತು. ಇದರಾಚೆಗೆ, ಉಕ್ಕನ್ನು ಬಿಚ್ಚಿ ಮರುಬಳಸುವುದೇ ಲೇಸೆಂಬ ವಾದವೂ ಬಲವಾಗಿದೆ.

ಎರಡನೆಯ ಆಕ್ಷೇಪ ಇನ್ನೂ ಆಳವಾದುದು. ಬಂಡೆಸಾಲು ಹೊಸ ಮೀನನ್ನು ಹುಟ್ಟಿಸುತ್ತದೆಯೇ, ಇಲ್ಲವೇ ಸುತ್ತಲಿನ ಮೀನನ್ನು ಒಂದೆಡೆ ಸೆಳೆದು ಬಲೆಗೆ ಸುಲಭವಾಗಿಸುತ್ತದೆಯೇ ಎಂಬ ಪ್ರಶ್ನೆಯನ್ನು ಅಮೆರಿಕದ ಮೀನುಗಾರಿಕಾ ವಿಜ್ಞಾನಿ ಜೇಮ್ಸ್ ಬೋನ್‌ಸಾಕ್ 1989ರಲ್ಲಿ ಸ್ಪಷ್ಟವಾಗಿ ಎತ್ತಿದರು. ಉತ್ತರ ಜಾತಿಯಿಂದ ಜಾತಿಗೂ, ಸ್ಥಳದಿಂದ ಸ್ಥಳಕ್ಕೂ ಬದಲಾಗುತ್ತದೆ. ಬರಿಯ ಸೆಳೆತದ ಅಪಾಯಕ್ಕೆ ಕರ್ನಾಟಕದ ಕರಾವಳಿಯಲ್ಲಿ ಕಣ್ಣೆದುರಿನ ನಿದರ್ಶನವಿದೆ: ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಹಿಡಿಯಲು ತೆಂಗಿನ ಗೊಂಚಲುಗಳನ್ನು ಕಡಲತಳಕ್ಕೆ ಇಳಿಬಿಟ್ಟಾಗ, ಮೊಟ್ಟೆ ಅಂಟಿಸಲು ಬಂದ ಜೀವಿಗಳೇ ಗಾಳಕ್ಕೆ ಸಿಕ್ಕುವುದರಿಂದ ಮುಂದಿನ ಪೀಳಿಗೆಗೇ ಧಕ್ಕೆಯಾಗುತ್ತದೆಂದು ಮೀನುಗಾರಿಕಾ ವಿಜ್ಞಾನಿಗಳು ಎಚ್ಚರಿಸಿದ್ದಾರೆ. ಪೆಸಿಫಿಕ್ಕಿನ ಪಾಲ್ಮೈರಾ ಹವಳದ್ವೀಪದಲ್ಲಂತೂ, 1991ರಲ್ಲಿ ಒಡೆದ ಮೀನುಗಾರಿಕಾ ಹಡಗಿನ ಸುತ್ತ ಹವಳವನ್ನು ಹೊಸಕಿಹಾಕುವ ಇನ್ನೊಂದು ಜೀವಿ ಹಬ್ಬಿದ್ದನ್ನು 2008ರ ಅಧ್ಯಯನವೊಂದು ದಾಖಲಿಸಿತು.

ಭಾರತದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹಡಗಿನ ಬದಲು ಕಾಂಕ್ರೀಟಿನ ತ್ರಿಕೋನ ಮತ್ತು ಬಳೆಯಾಕಾರದ ರಚನೆಗಳ ದಾರಿ ಹಿಡಿಯಿತು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಕರಾವಳಿ ರಾಜ್ಯಗಳಿಗೆ ಇಂಥ ನೂರಾರು ಘಟಕಗಳು ಮಂಜೂರಾಗಿವೆ. ಹಡಗಿನ ಪ್ರಯೋಗ ಈಗ ಕರ್ನಾಟಕಕ್ಕೆ ಹತ್ತಿರದ ಕಡಲಿಗೇ ಬಂದಿದೆ. 1985ರಿಂದ ನೌಕಾಪಡೆಯಲ್ಲಿದ್ದು 2024ರಲ್ಲಿ ನಿವೃತ್ತವಾದ ಗುಲ್ದಾರ್ ನೌಕೆಯನ್ನು 2025ರ ಫೆಬ್ರುವರಿಯಲ್ಲಿ ಕಾರವಾರದಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮಕ್ಕೆ ಒಪ್ಪಿಸಲಾಯಿತು. ಸಿಂಧುದುರ್ಗದ ನಿವತಿ ಬಂಡೆಗಳ ಬಳಿ ಅದನ್ನು ನೀರೊಳಗಿನ ವಸ್ತುಸಂಗ್ರಹಾಲಯವೂ ಬಂಡೆಸಾಲೂ ಆಗಿಸುವುದು ಯೋಜನೆ. ಕಾರವಾರದ ದಂಡೆಯ ಮೇಲೆಯೇ ಸಂಗ್ರಹಾಲಯವಾಗಿ ನಿಂತಿರುವ ಚಪಲ್ ನೌಕೆ ಇನ್ನೊಂದು ದಾರಿಯನ್ನು ತೋರಿಸುತ್ತದೆ. 2022ರ ಜೂನಿನಲ್ಲಿ ಉಳ್ಳಾಲದ ಬಳಿ ಉಕ್ಕಿನ ಸುರುಳಿಗಳ ಸಮೇತ ಮುಳುಗಿದ ಪ್ರಿನ್ಸೆಸ್ ಮಿರಾಲ್ ಹಡಗು, ಅದರ ಇಂಧನ ಸೋರೀತೆಂಬ ಭೀತಿಯನ್ನು ಇಡೀ ದಂಡೆಗೆ ಹಂಚಿತ್ತು. ಶುದ್ಧಿಯಿಲ್ಲದೆ ತಳ ಸೇರುವ ಹಡಗು ಬಂಡೆಸಾಲಲ್ಲ, ಅಪಾಯ.

ಅರ್ಧ ಶತಮಾನದ ಈ ಚರ್ಚೆಯಿಂದ ಒಂದು ಮಾತು ಗಟ್ಟಿಯಾಗಿ ಉಳಿಯುತ್ತದೆ. ಮುಳುಗಿದ ದಿನ ಹಡಗಿನ ಸುತ್ತ ಸೇರುವ ಜನರೂ, ಮರುವರ್ಷ ಸೇರುವ ಮೀನುಗಳೂ ಯಶಸ್ಸಿನ ಅಳತೆಯಲ್ಲ. ಮುಳುಗಿಸುವ ಮುನ್ನ ಹಡಗಿನ ಪೂರ್ಣ ಶುದ್ಧಿ, ಮುಳುಗಿದ ಮೇಲೆ ಅದರ ಸುತ್ತ ಬಲೆ ಬೀಸದಂತೆ ಕಟ್ಟುಪಾಡು, ವರ್ಷಗಟ್ಟಲೆ ನೀರು ಮತ್ತು ಮೀನಿನ ತಪಾಸಣೆ, ಆ ಲೆಕ್ಕವನ್ನು ಮೀನುಗಾರರ ಮುಂದಿಡುವ ಹೊಣೆ, ಇವಿಷ್ಟೂ ಇದ್ದರೆ ಮಾತ್ರ ಅದು ಮೀನಿನ ನೆಲೆ. ಇವಿಲ್ಲದಿದ್ದರೆ ಕಡಲಿಗೆ ಹೊರಿಸಿದ ಹೊರೆ.