ಮೈಕ್ರೊಕಂಟ್ರೋಲರ್‌ಗಳಲ್ಲಿ ಮೆಮೊರಿ ರಕ್ಷಣೆ

ಮೆಮೊರಿ ರಕ್ಷಣೆ ಎಂದರೆ ಒಂದು ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈಹಾಕದಂತೆ ಪ್ರೊಸೆಸರೇ ತಡೆಯುವ ಏರ್ಪಾಡು. ದೊಡ್ಡ ಕಂಪ್ಯೂಟರುಗಳಲ್ಲಿ ಇದು ಹಳೆಯದು. 1964ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಂ/360 ಮೆಮೊರಿಯ ಪ್ರತಿ 2,048 ಬೈಟಿನ ತುಂಡಿಗೂ ನಾಲ್ಕು ಬಿಟ್ಟಿನ ಕೀಲಿ ಕೊಡುತ್ತಿತ್ತು. ಮೀಟರು, ಬ್ರೇಕು, ವಾಷಿಂಗ್ ಮಷೀನುಗಳೊಳಗಿನ ಅಗ್ಗದ ಚಿಪ್ಪುಗಳಲ್ಲಿ ಅದು ಸಾಮಾನ್ಯವಾಗಲು ಹಲವು ದಶಕಗಳು ಬೇಕಾದವು.

ತಡವಾದದ್ದು ಅಜ್ಞಾನದಿಂದಲ್ಲ. 1980ರ ಇಂಟೆಲ್ 8051ರಲ್ಲಿದ್ದದ್ದು 4 ಕೆಬಿ ರೋಮ್ (ಓದಲು ಮಾತ್ರ ಬರುವ ಮೆಮೊರಿ) ಮತ್ತು 128 ಬೈಟಿನ ಕೆಲಸದ ಮೆಮೊರಿ. ಪ್ರೋಗ್ರಾಂ ಒಂದೇ, ಬರೆದವರೂ ಒಂದೇ ತಂಡ; ಒಂಟಿ ಕೋಣೆಯ ಮನೆಗೆ ಒಳಬೀಗ ಯಾರಿಗೆ ಬೇಕು? ಮುಂದೆ 32 ಬಿಟ್ಟಿನ ಚಿಪ್ಪುಗಳು ಬಂದು, ಸಂವಹನ, ಮೋಟಾರು ನಿಯಂತ್ರಣ, ಪರದೆ ಎಲ್ಲವೂ ಬೇರೆ ಬೇರೆಯವರ ಕೋಡಾಗಿ ಒಂದೇ ಕಡೆ ಸೇರಿದಾಗ ಮಾತು ಬದಲಾಯಿತು. ಒಂದು ಪಾಯಿಂಟರು ತಪ್ಪಿದರೆ ಸಂಬಂಧವೇ ಇಲ್ಲದ ಇನ್ನೊಂದು ಕೆಲಸ ಕೆಡುತ್ತಿತ್ತು.

ಡೆಸ್ಕ್‌ಟಾಪ್ ಪ್ರೊಸೆಸರುಗಳ ಎಂಎಂಯು (ಮೆಮೊರಿ ನಿರ್ವಹಣಾ ಘಟಕ) ವಿಳಾಸಗಳನ್ನೇ ಬದಲಿಸುತ್ತದೆ. ಯಾವ ವಿಳಾಸ ಎಲ್ಲಿಗೆ ಎಂದು ಬರೆದಿಟ್ಟ ಅದರ ಪುಟಕೋಷ್ಟಕಗಳಿಗೆ ಮೆಮೊರಿ ಬೇಕು. ಒಮ್ಮೊಮ್ಮೆ ಅವುಗಳಲ್ಲಿ ಹುಡುಕಲು ಹೋಗುವುದರಿಂದ ಉತ್ತರ ಎಷ್ಟು ಹೊತ್ತಿಗೆ ಸಿಕ್ಕೀತೆಂದು ಖಚಿತವಾಗಿ ಹೇಳಲಾಗದು. ಹೀಗಾಗಿ ಚಿಕ್ಕ ಚಿಪ್ಪುಗಳಿಗೆ ಒಗ್ಗಿದ್ದು ಎಂಪಿಯು (ಮೆಮೊರಿ ರಕ್ಷಣಾ ಘಟಕ): ವಿಳಾಸ ಬದಲಿಸದೆ, ಕೆಲವೇ ವಲಯಗಳಿಗೆ ಓದು, ಬರೆಹ, ಚಾಲನೆಯ ಅನುಮತಿ ಇದೆಯೇ ಎಂದಷ್ಟೇ ನೋಡುವ ಘಟಕ. ಆರ್ಮ್ ಕಂಪನಿಯ 740ಟಿ ಪ್ರೊಸೆಸರಿನಲ್ಲಿ ಇಂಥ ಎಂಟು ವಲಯಗಳಿದ್ದವು.

2004ರಲ್ಲಿ ಪ್ರಕಟವಾದ ಅದೇ ಕಂಪನಿಯ ಕಾರ್ಟೆಕ್ಸ್-ಎಂ3 ಎಂಪಿಯುವನ್ನು ಚಿಪ್ ತಯಾರಕರ ಇಚ್ಛೆಗೆ ಬಿಟ್ಟಿತು. ಎಂ3 ಆಧಾರಿತ, ಬಹುಬಳಕೆಯ ಎಸ್‌ಟಿಎಂ32ಎಫ್103 ಸರಣಿಯ ಹೆಚ್ಚಿನ ಚಿಪ್ಪುಗಳಲ್ಲಿ ಎಂಪಿಯು ಇಲ್ಲವೇ ಇಲ್ಲ. ಆದ್ದರಿಂದ ಪ್ರೊಸೆಸರಿನ ಹೆಸರು ನೋಡಿ ಚಿಪ್ ಆರಿಸುವುದು ಸಾಲದು, ಡೇಟಾಶೀಟ್ ಓದಲೇಬೇಕು. ಕಾರ್ಟೆಕ್ಸ್-ಎಂ0ಗೆ ಆ ಆಯ್ಕೆಯೂ ಇರಲಿಲ್ಲ. 2012ರ ಎಂ0+ಗೆ ಬಂತು.

ಎಂಪಿಯು ಇದ್ದವರೂ ಅದನ್ನು ಬಳಸಲು ಹಿಂಜರಿದರು. ಕಾರಣ ಲೆಕ್ಕಾಚಾರದ್ದು. ಎಂ3ರಲ್ಲಿ ವಲಯದ ಗಾತ್ರ 32, 64, 128 ಬೈಟು ಹೀಗೆ ಎರಡರ ಘಾತವಾಗಿರಬೇಕು, ಅದರ ಆರಂಭ ವಿಳಾಸ ಆ ಗಾತ್ರದ ಗುಣಕವಾಗಿರಬೇಕು. 33 ಕೆಬಿ ಬೇಕಿದ್ದವರು 64 ಕೆಬಿಯ ವಲಯ ಹಿಡಿದು, ಅದರ ಎಂಟು ಉಪವಲಯಗಳಲ್ಲಿ ಮೂರನ್ನು ಮುಚ್ಚಿ 40 ಕೆಬಿಗೆ ತೃಪ್ತಿಪಡಬೇಕು. ಬೈಟು ಬೈಟಿಗೂ ಪರದಾಡುವ ಕಡೆ ಇದು ದುಬಾರಿ. ಜೊತೆಗೆ ಕೆಲಸದಿಂದ ಕೆಲಸಕ್ಕೆ ಹೊರಳುವಾಗಲೆಲ್ಲ ವಲಯಗಳನ್ನು ಮತ್ತೆ ಬರೆಯಬೇಕು. 2016ರಲ್ಲಿ ಪ್ರಕಟವಾದ ಕಾರ್ಟೆಕ್ಸ್-ಎಂ23, ಎಂ33 ಈ ಕಟ್ಟು ಸಡಿಲಿಸಿದವು: ಆದಿ, ಅಂತ್ಯಗಳು 32 ಬೈಟಿನ ಗಡಿಯಲ್ಲಿದ್ದರೆ ಸಾಕು. ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸದಲ್ಲಿ ಎಂಪಿಯು ಕೆಲಸವನ್ನೇ ಮಾಡುವ ಪಿಎಂಪಿ ಎರಡೂ ಬಗೆಗೆ ಅವಕಾಶ ಕೊಡುತ್ತದೆ.

ಎಂಪಿಯುಗೆ ನಿಜವಾದ ಗಿರಾಕಿ ಸಿಕ್ಕಿದ್ದು ವಾಹನೋದ್ಯಮದಲ್ಲಿ. 2011ರ ಐಎಸ್‌ಒ 26262 ಮಾನಕದ ಪ್ರಕಾರ, ಬೇರೆ ಬೇರೆ ಸುರಕ್ಷತಾ ಮಟ್ಟದ ತಂತ್ರಾಂಶಗಳು ಒಂದಕ್ಕೊಂದು ಅಡ್ಡಬರುವುದಿಲ್ಲವೆಂದು ತೋರಿಸಲಾಗದಿದ್ದರೆ ಎಲ್ಲವನ್ನೂ ಅವುಗಳಲ್ಲಿನ ಅತ್ಯುನ್ನತ ಮಟ್ಟದಲ್ಲೇ ರೂಪಿಸಬೇಕು. ಆ ಖರ್ಚಿನ ಮುಂದೆ ಎಂಪಿಯು ಇರುವ ಚಿಪ್ಪೇ ಅಗ್ಗ. ಸಂಶೋಧನೆಯ ಕಡೆಯಿಂದ ಟಾಕ್ ಎಂಬ ಕಾರ್ಯಾಚರಣ ವ್ಯವಸ್ಥೆ 2017ರಲ್ಲಿ ಬೇರೊಂದು ಹಂಚಿಕೆ ಮುಂದಿಟ್ಟಿತು: ಒಳಗಿನ ಕೋಡನ್ನು ಕಾಯಲು ರಸ್ಟ್ ಭಾಷೆ, ಹೊರಗಿನ ಅಪ್ಲಿಕೇಶನ್ನುಗಳನ್ನು ಕಾಯಲು ಎಂಪಿಯು.

ಪೂರ್ತಿ ವಿಭಜನೆ ಬೇಡವೆನ್ನುವವರೂ ಸ್ಟಾಕಿನ ತುದಿಗೆ ಯಾರೂ ಮುಟ್ಟಲಾಗದ ಸಣ್ಣ ವಲಯವೊಂದನ್ನು ಇಡುವುದುಂಟು; ಉಕ್ಕಿದ ಸ್ಟಾಕ್ ಆಗ ಅಲ್ಲಿಯೇ ಸಿಕ್ಕಿಬೀಳುತ್ತದೆ. ಎಂ33ರಲ್ಲಿ ಇದಕ್ಕೆಂದೇ ಸ್ಟಾಕ್ ಮಿತಿಯ ರಿಜಿಸ್ಟರುಗಳಿವೆ, ವಲಯವನ್ನೂ ಖರ್ಚುಮಾಡಬೇಕಿಲ್ಲ.